ಹನ್ನೊಂದು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ: ಲಾಕ್‌ಡೌನ್ ಒಂಟಿತನದಿಂದ ಕೊನೆಯ ಅರ್ಧ ಮಾತ್ರೆಯವರೆಗೆ

ಕಳೆದ ವಾರ ನನ್ನ ಕೊನೆಯ ಅರ್ಧ ಮಾತ್ರೆ ಮುಗಿಯಿತು. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಖಿನ್ನತೆ 2022ರ ಜೂನ್‌ಗೆ ಒಂದು ದಡ ಸೇರಿದೆ. ಇದರಲ್ಲಿ ಕಾಯಿಲೆಗೆಂದೇ ಹೋದ ತಿಂಗಳುಗಳು ಒಂದಷ್ಟು. ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಹಾಳಾದ ತಿಂಗಳುಗಳು ಇನ್ನೊಂದಷ್ಟು. ಆ ಎರಡನೇ ಬಗೆಯ ತಿಂಗಳುಗಳು ಇನ್ನೊಬ್ಬರಿಗೆ ಹಾಳಾಗಬಾರದು ಅಂತ, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇಲ್ಲಿ ಬರುವ ಔಷಧಿ, ಪ್ರಮಾಣ ಎಲ್ಲ ನನಗೆ ಕೊಟ್ಟಿದ್ದು. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಪಿಡುಗು ಅಂತ ಘೋಷಿಸಿತು. ಮಾರನೇ ವಾರ ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದರು. ನಾನು ಒಬ್ಬಳೇ ಇರುವವಳು, ಲೆಕ್ಕಪತ್ರದ ಕೆಲಸ. ಮೊದಲ ಎರಡು ವಾರ ನಿಜಕ್ಕೂ ಹಾಯೆನಿಸಿತ್ತು. ಓಡಾಟವಿಲ್ಲ, ಬೆಳಿಗ್ಗೆ ಗಡಿಬಿಡಿಯಿಲ್ಲ. ಓದದೆ ಇಟ್ಟಿದ್ದ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟೆ. ಸ್ನೇಹಿತರ ಜೊತೆ ವಾರಕ್ಕೊಂದು ವಿಡಿಯೋ ಕರೆ. ಏಪ್ರಿಲ್‌ನಲ್ಲಿ ಅದು ಹದಿನೈದು ದಿನಕ್ಕೊಂದಾಯಿತು, ಮೇ ಹೊತ್ತಿಗೆ ನಿಂತೇಹೋಯಿತು. ಯಾರೂ ಜಗಳವಾಡಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹೇಳಿಕೊಳ್ಳೋಕೆ ಯಾರ ಹತ್ತಿರವೂ ಹೊಸದೇನೂ ಇರಲಿಲ್ಲ, ಅಷ್ಟೇ.

ಖಿನ್ನತೆ ಅಂದರೆ ಅಳು ಬರುತ್ತದೆ, ದುಃಖ ಉಕ್ಕುತ್ತದೆ ಅಂತ ನಾನು ತಿಳಿದಿದ್ದೆ. ನನಗೆ ಅಳು ಬರಲೇ ಇಲ್ಲ. ಮೊದಲು ಕೆಟ್ಟಿದ್ದು ನಿದ್ದೆ. ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದವಳಿಗೆ ಒಂದಾಯಿತು, ಮೂರಾಯಿತು, ಕೊನೆಗೆ ಬೆಳಕು ಹರಿದ ಮೇಲೆ ಕಣ್ಣು ಮುಚ್ಚುವ ಹಾಗಾಯಿತು. ಆಮೇಲೆ ಕೆಟ್ಟಿದ್ದು ಲೆಕ್ಕ. ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಹಾಳೆಯೊಂದರ ಮುಂದೆ ಮೂರು ಗಂಟೆ ಕೂತಿರುತ್ತಿದ್ದೆ. ಅಂಕಿಗಳು ಕಾಣುತ್ತವೆ, ಕೂಡಬೇಕು ಅಂತ ಗೊತ್ತು, ಕೈ ಮಾತ್ರ ಏಳುವುದಿಲ್ಲ. ಇವತ್ತು ಯಾವ ವಾರ ಅಂತ ಯೋಚಿಸಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಹಲ್ಲುಜ್ಜುವ ಬ್ರಷ್ ಮುಟ್ಟಿ ನೋಡಿದರೆ ಅದರ ಎಳೆಗಳು ಒಣಗಿ ಬಿರುಸಾಗಿದ್ದವು. ನಿನ್ನೆ ಉಜ್ಜಿದ್ದೆನೋ ಮೊನ್ನೆಯೋ ಜ್ಞಾಪಕಕ್ಕೆ ಬರಲಿಲ್ಲ.

ಜೂನ್ ಕೊನೆಯಲ್ಲಿ ಪಾರ್ಸಲ್ ತಂದ ಹುಡುಗ ಬಾಗಿಲ ಆಚೆ ನಿಂತು ಹೆಸರು ಕೇಳಿದ. ಹೇಳಲು ಬಾಯಿ ತೆರೆದೆ. ದನಿ ಬರಲಿಲ್ಲ. ಗಂಟಲು ಕೆರೆದುಕೊಂಡು ಮತ್ತೆ ಹೇಳಿದಾಗ ಬಂದ ದನಿ ನನ್ನದು ಅನ್ನಿಸಲಿಲ್ಲ, ತುಕ್ಕು ಹಿಡಿದ ಚಿಲಕ ಎಳೆದ ಹಾಗಿತ್ತು. ಅವನು ಹೋದ ಮೇಲೆ ಫೋನ್ ತೆಗೆದು ಕರೆಗಳ ಪಟ್ಟಿ ನೋಡಿದೆ. ನಾನು ಯಾರ ಜೊತೆಗಾದರೂ ಮಾತಾಡಿ ಹನ್ನೊಂದು ದಿನ ಆಗಿತ್ತು. ಆಫೀಸಿನ ಕೆಲಸವೆಲ್ಲ ಮೇಲ್, ಮೆಸೇಜಿನಲ್ಲೇ ನಡೆಯುತ್ತಿತ್ತು. ಮೀಟಿಂಗಿನಲ್ಲಿ ಮೈಕ್ ಆಫ್ ಮಾಡಿ ಕೂತಿರುತ್ತಿದ್ದೆ. ಹನ್ನೊಂದು ದಿನ ನನ್ನ ಬಾಯಿಂದ ಒಂದು ಶಬ್ದ ಹೊರಟಿರಲಿಲ್ಲ, ಅದು ನನಗೆ ಗೊತ್ತೂ ಆಗಿರಲಿಲ್ಲ. ಆವತ್ತು ಹೆದರಿದೆ.

ಅಕ್ಕನಿಗೆ ಫೋನ್ ಮಾಡಿದೆ. ಹೇಗೆ ಹೇಳಬೇಕೋ ತಿಳಿಯದೆ "ನಿದ್ದೆ ಬರ್ತಿಲ್ಲ ಅಕ್ಕ" ಅಂದೆ. "ಎಲ್ಲರಿಗೂ ಹಾಗೇ ಆಗ್ತಿದೆ ಕಣೇ, ಮನೇಲೇ ಕೂತ್ರೆ ಇನ್ನೇನಾಗುತ್ತೆ. ಫೋನ್ ನೋಡೋದು ಕಮ್ಮಿ ಮಾಡು" ಅಂದಳು. ಅವಳ ತಪ್ಪಲ್ಲ, ನಾನು ಹೇಳಿದ್ದೇ ಅಷ್ಟು. ಆದರೆ "ಎಲ್ಲರಿಗೂ ಹಾಗೇ" ಅನ್ನುವ ಮಾತು ಒಳಗೆ ಕೂತುಬಿಟ್ಟಿತು. ಎಲ್ಲರಿಗೂ ಆಗುತ್ತಿದ್ದರೆ, ಎಲ್ಲರೂ ತಡೆದುಕೊಳ್ಳುತ್ತಿದ್ದರೆ, ನನಗೇ ಏಕೆ ಡಾಕ್ಟರು? ಇದೇ ಯೋಚನೆಯಲ್ಲಿ ಇನ್ನೂ ಒಂಬತ್ತು ದಿನ ಹೋಯಿತು. ಈಗ ಹೇಳುತ್ತೇನೆ: ಊರಿಗೆಲ್ಲ ಜ್ವರ ಬಂದಿದೆ ಅಂತ ನಮ್ಮ ಜ್ವರಕ್ಕೆ ಮದ್ದು ಬೇಡ ಅಂತ ಯಾರೂ ಹೇಳುವುದಿಲ್ಲ. ಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ 25% ಹೆಚ್ಚಾಯಿತು ಅಂತ 2022ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಹೆಚ್ಚಾದವರಲ್ಲಿ ನಾನೂ ಒಬ್ಬಳು. ಬಹಳ ಜನರಿಗೆ ಆಯಿತು ಅನ್ನುವುದರಿಂದ ಅದು ಕಾಯಿಲೆಯಲ್ಲ ಅಂತಾಗುವುದಿಲ್ಲ.

ಹತ್ತನೇ ದಿನ ಅಕ್ಕನೇ ಫೋನ್ ಮಾಡಿದಳು. ನಾಲ್ಕು ಸಲ ಮಾಡಿದ ಮೇಲೆ ಎತ್ತಿದೆ. ಈ ಸಲ ನಿದ್ದೆಯ ವಿಷಯ ಹೇಳಲಿಲ್ಲ. "ಹನ್ನೊಂದು ದಿನ ನಾನು ಯಾರ ಹತ್ರಾನೂ ಮಾತಾಡಿರಲಿಲ್ಲ ಅಕ್ಕ. ಅದು ಗೊತ್ತೇ ಆಗಿರಲಿಲ್ಲ" ಅಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಡಾಕ್ಟರ ಅಪಾಯಿಂಟ್‌ಮೆಂಟ್ ತಗೊ. ಈಗಲೇ ತಗೊ. ನಾನು ಫೋನ್ ಇಡಲ್ಲ, ನೀನು ಆ ಕಡೆ ಬುಕ್ ಮಾಡು" ಅಂದಳು. ನಿಮ್ಮವರಿಗೆ ಹೇಳುವಾಗ "ಬೇಜಾರು", "ನಿದ್ದೆ ಇಲ್ಲ" ಅಂತ ಹೇಳಿದರೆ ಅವರಿಗೆ ಅಳತೆ ಸಿಗುವುದಿಲ್ಲ. ಎಷ್ಟು ದಿನ, ಎಷ್ಟು ಗಂಟೆ, ಏನು ಮಾಡಲಾಗುತ್ತಿಲ್ಲ ಅಂತ ಹೇಳಿ. ನನ್ನ ಅಕ್ಕನನ್ನು ಅಲ್ಲಾಡಿಸಿದ್ದು ಆ ಹನ್ನೊಂದು ಅನ್ನುವ ಸಂಖ್ಯೆ.

ಮೊದಲು ಸಿಕ್ಕ ಸಮಯ ಹತ್ತೊಂಬತ್ತು ದಿನಗಳ ನಂತರದ್ದು. ಹೊಸ ರೋಗಿಗಳಿಗೆಲ್ಲ ವಿಡಿಯೋದಲ್ಲೇ ಭೇಟಿ. ಕಾಯುವ ಆ ಹತ್ತೊಂಬತ್ತು ದಿನ ಇಡೀ ಎರಡು ವರ್ಷದಲ್ಲೇ ಕಷ್ಟದ ಕಾಲ. ಸಹಾಯ ಕೇಳುವ ತನಕ ಒಂದು ಬಗೆಯ ಮರಗಟ್ಟಿದ ಸ್ಥಿತಿ ಇರುತ್ತದೆ. ಕೇಳಿದ ಮೇಲೆ ಅದು ಒಡೆಯುತ್ತದೆ, ಆದರೆ ಸಹಾಯ ಇನ್ನೂ ಬಂದಿರುವುದಿಲ್ಲ. ಯಾರಾದರೂ ರದ್ದು ಮಾಡಿದರೆ ನನಗೆ ಫೋನ್ ಮಾಡಿ ಅಂತ ಹೇಳಿ ಹೆಸರು ಬರೆಸಬಹುದು ಅನ್ನುವುದು ನನಗೆ ಹನ್ನೆರಡನೇ ದಿನ ತಿಳಿಯಿತು. ಮೊದಲ ದಿನವೇ ಕೇಳಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ: ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿನ ದಿನಕ್ಕೆ ಕಾಯಬಾರದು. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ನಿಮ್ಮಲ್ಲಿರುವ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಪಕ್ಕದ ಮನೆಯ ಬಾಗಿಲು ತಟ್ಟಿ. ಲಾಕ್‌ಡೌನ್ ಇದ್ದರೂ ತುರ್ತು ವಿಭಾಗ ಮುಚ್ಚಿರುವುದಿಲ್ಲ.

ಭೇಟಿಗೆ ಮುಂಚೆ ತುಂಬಬೇಕಾದ ಅರ್ಜಿ ಬಂತು. ಗುರುತಿನ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು, ಅಲರ್ಜಿ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ವಿಡಿಯೋ ಮೂಲಕ ಚಿಕಿತ್ಸೆಗೆ ಒಪ್ಪಿಗೆ. ಇವೆಲ್ಲ ಹತ್ತು ನಿಮಿಷದಲ್ಲಿ ಮುಗಿದವು. ಕೊನೆಯಲ್ಲಿ ಒಂದು ಸಾಲು: "ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು." ಅದರ ಪಕ್ಕದಲ್ಲಿ "ನಿಮ್ಮ ಮನೆಗೆ ಒಂದು ಗಂಟೆಯೊಳಗೆ ತಲುಪಬಲ್ಲವರಾಗಿರಲಿ" ಅಂತ ಸಣ್ಣಕ್ಷರದಲ್ಲಿತ್ತು. ಅಕ್ಕ ಇರುವುದು ದೂರದಲ್ಲಿ, ಆಗ ಪ್ರಯಾಣವೂ ಬಂದ್. ಕರ್ಸರ್ ಆ ಖಾಲಿ ಚೌಕದಲ್ಲಿ ಮಿನುಗುತ್ತಿತ್ತು, ನಾನು ನೋಡುತ್ತ ಕೂತಿದ್ದೆ. ಆರು ವರ್ಷದಿಂದ ಇದೇ ಮನೆಯಲ್ಲಿದ್ದೇನೆ, ಒಂದು ಗಂಟೆಯಲ್ಲಿ ನನ್ನ ಬಾಗಿಲಿಗೆ ಬರುವವರ ಒಂದು ಹೆಸರು ಹೊಳೆಯುತ್ತಿಲ್ಲ. ಆ ತಿಂಗಳುಗಳಲ್ಲಿ ನಾನು ಮೊದಲ ಸಲ ಅತ್ತದ್ದು ಆ ಚೌಕದ ಮುಂದೆ.

ಮಾರನೇ ದಿನ ಕೆಳಗಿನ ಮನೆಯ ಆಂಟಿಗೆ ಒಂದು ಚೀಟಿ ಬರೆದು ಬಾಗಿಲ ಕೆಳಗೆ ತಳ್ಳಿದೆ. ಎದುರು ನಿಂತು ಕೇಳುವ ಧೈರ್ಯ ಇರಲಿಲ್ಲ. ಸಂಜೆ ಅವರು ಮೆಟ್ಟಿಲ ಕೆಳಗೆ ಮಾಸ್ಕ್ ಹಾಕಿಕೊಂಡು ನಿಂತು ಕೂಗಿದರು, "ನನ್ನ ನಂಬರ್ ಬರೀಮ್ಮಾ, ಅದಕ್ಕೇನು ಕೇಳೋದು. ಬೀಗದ ಕೈ ಒಂದು ನನ್ನ ಹತ್ರ ಇರಲಿ." ಏನು ಕಾಯಿಲೆ ಅಂತ ಅವರು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಭೇಟಿಯ ದಿನ ಪರದೆಯಲ್ಲಿ ನನ್ನ ಮುಖ ಕಂಡು ನಾನೇ ಬೆಚ್ಚಿದೆ. ಡಾಕ್ಟರು ಮೊದಲು ಕೇಳಿದ್ದು, "ಇವತ್ತು ನನ್ನ ಬಿಟ್ಟು ಯಾರ ಹತ್ರ ಮಾತಾಡಿದ್ರಿ?" ಯಾರ ಹತ್ತಿರವೂ ಇಲ್ಲ ಅಂದೆ. "ನಿನ್ನೆ?" ಅಕ್ಕನ ಹತ್ತಿರ. ಅವರು ಬರೆದುಕೊಂಡರು. ಆಮೇಲೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ. ಪಿಎಚ್‌ಕ್ಯು-9 ಅಂತ ಅದರ ಹೆಸರು, ಜಗತ್ತಿನ ಬಹಳ ಕಡೆ ಇದನ್ನೇ ಬಳಸುತ್ತಾರೆ. ಕಳೆದ ಎರಡು ವಾರದಲ್ಲಿ ಆಸಕ್ತಿ, ನಿದ್ದೆ, ಹಸಿವು, ದಣಿವು, ಗಮನ ಇವೆಲ್ಲ ಎಷ್ಟು ದಿನ ಕೆಟ್ಟಿದ್ದವು ಅಂತ ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಒಂಬತ್ತನೇ ಪ್ರಶ್ನೆ ಬದುಕಿರುವುದೇ ಬೇಡ ಅನ್ನಿಸುತ್ತಿತ್ತೇ ಅನ್ನುವುದು. "ಕೆಲವು ದಿನ" ಅಂತ ನಿಜ ಹೇಳಿದೆ. ಹೇಳಿದರೆ ಎಲ್ಲಿಗೋ ಎಳೆದುಕೊಂಡು ಹೋಗುತ್ತಾರೆ ಅನ್ನುವ ಭಯ ಇತ್ತು. ಹಾಗೇನೂ ಆಗಲಿಲ್ಲ. ಅವರು ದನಿ ಏರಿಸದೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಆ ಯೋಚನೆ ಜೋರಾದರೆ ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ನನ್ನ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸಿದರು. ಎರಡನೇ ಹೆಸರು ಕೆಳಗಿನ ಮನೆಯ ಆಂಟಿಯದು. ಆ ಹಾಳೆ ಎರಡು ವರ್ಷ ಬಾಗಿಲ ಹಿಂದೆ ಅಂಟಿಕೊಂಡಿತ್ತು.

ನನ್ನ ಅಂಕ 17. ಹದಿನೈದು ಮುಟ್ಟಿದರೆ ಸಾಕಷ್ಟು ತೀವ್ರ ಅಂತ ಲೆಕ್ಕ. ಔಷಧಿ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಬರೆದುಕೊಟ್ಟರು: ಥೈರಾಯ್ಡ್, ವಿಟಮಿನ್ ಬಿ12, ಹಿಮೋಗ್ಲೋಬಿನ್. ಥೈರಾಯ್ಡ್ ಕಮ್ಮಿಯಾದರೂ, ರಕ್ತ ಕಮ್ಮಿಯಾದರೂ ಇದೇ ಥರ ದಣಿವು, ಮಂಕು ಬರುತ್ತದಂತೆ. ಬಿ12 ಸ್ವಲ್ಪ ಕಮ್ಮಿ ಬಂತು, ಮಿಕ್ಕಿದ್ದು ಸರಿಯಿತ್ತು. ಇತ್ತೀಚೆಗೆ ಮಾಡಿಸಿದ ವರದಿಗಳಿದ್ದರೆ ಮೊದಲ ಭೇಟಿಗೇ ಕಳಿಸಿಬಿಡಿ. ನಂದು ಪರೀಕ್ಷೆ ಮಾಡಿಸಿ ವರದಿ ಬರುವಷ್ಟರಲ್ಲಿ ಇನ್ನೊಂದು ವಾರ ಹೋಯಿತು.

ಔಷಧಿ ಎಸ್ಸಿಟಾಲೊಪ್ರಾಮ್. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಚೀಟಿ ಮೇಲ್‌ನಲ್ಲಿ ಬಂದಿತ್ತು. ಮೊದಲು ಹೋದ ಔಷಧಿ ಅಂಗಡಿಯಲ್ಲಿ ಡಾಕ್ಟರ ಸಹಿ ಸರಿಯಾಗಿ ಕಾಣುತ್ತಿಲ್ಲ ಅಂತ ವಾಪಸ್ ಕಳಿಸಿದರು. ನಾಲ್ಕು ತಿಂಗಳ ನಂತರ ಮನೆಯಿಂದ ಅಷ್ಟು ದೂರ ನಡೆದು ಹೋಗಿ, ಬರಿಗೈಯಲ್ಲಿ ಬಂದು ಮಂಚದ ಮೇಲೆ ಕೂತವಳು ಕತ್ತಲಾಗುವವರೆಗೆ ಏಳಲಿಲ್ಲ. ಆರೋಗ್ಯವಂತರಿಗೆ ಇದು ಸಣ್ಣ ಕಿರಿಕಿರಿ, ಆ ಸ್ಥಿತಿಯಲ್ಲಿ ಇದೇ ಬೆಟ್ಟ. ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ದಿನಾಂಕ ಮೂರೂ ಸ್ಪಷ್ಟವಾಗಿವೆಯೇ ಅಂತ ಭೇಟಿ ಮುಗಿಯುವ ಮುಂಚೆಯೇ ನೋಡಿಕೊಳ್ಳಿ. ಎರಡು ಪ್ರತಿ ಮುದ್ರಿಸಿಟ್ಟುಕೊಳ್ಳಿ. ಒಂದು ಅಂಗಡಿಗೆ. ಇನ್ನೊಂದು, ಆಗಿನ ಲಾಕ್‌ಡೌನ್‌ನಲ್ಲಿ, ದಾರಿಯಲ್ಲಿ ಯಾಕೆ ಹೊರಗೆ ಬಂದೆ ಅಂತ ಯಾರಾದರೂ ಕೇಳಿದರೆ ತೋರಿಸೋಕೆ ಬೇಕಾಗುತ್ತಿತ್ತು.

ಮಾತ್ರೆ ತೆಗೆದುಕೊಂಡ ಮೊದಲ ಹತ್ತು ದಿನ ಚೆನ್ನಾಗಿರಲಿಲ್ಲ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಎದೆಯೊಳಗೆ ಸುಮ್ಮನೆ ಒಂದು ತಳಮಳ. ಇದರಿಂದ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ ಅಂತ ಬಿಡುವವಳಿದ್ದೆ. ಮೊದಲ ದಿನಗಳಲ್ಲಿ ಆತಂಕ ಏರಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಕೆಲಸ ಮಾಡಲು ಇನ್ನೂ ಹೆಚ್ಚು ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಉಳಿದೆ. ಕೆಟ್ಟ ಯೋಚನೆ ಹೆಚ್ಚಾದರೆ ಮಾತ್ರ ತಕ್ಷಣ ತಿಳಿಸಿ ಅಂದಿದ್ದರು. ಆಗಸ್ಟ್ ಕೊನೆಯ ವಾರ ಒಂದು ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದೆ. ಸರಿಸಬೇಕು ಅಂತ ಮನಸ್ಸನ್ನು ಒಪ್ಪಿಸಿ ಸರಿಸಿದ್ದಲ್ಲ, ಕೈ ತಾನಾಗಿ ಹೋಯಿತು. ಗಾಜಿನ ಮೇಲಿನ ಧೂಳಿನಲ್ಲಿ ಬಿಸಿಲು ಬಿದ್ದು ಮಸುಕಾಗಿ ಹೊಳೆಯುತ್ತಿತ್ತು. ಒರೆಸಬೇಕು ಅನ್ನಿಸಿತು, ಒರೆಸಿದೆ. ಎಷ್ಟೋ ವಾರಗಳ ನಂತರ "ಅನ್ನಿಸಿದ್ದು" ಮತ್ತು "ಮಾಡಿದ್ದು" ಒಂದರ ಬೆನ್ನಿಗೆ ಒಂದು ಬಂದಿದ್ದವು.

ಸೆಪ್ಟೆಂಬರ್‌ನಿಂದ ಆಪ್ತ ಸಮಾಲೋಚನೆ, ವಾರಕ್ಕೊಂದು, ಐವತ್ತು ನಿಮಿಷ, ಒಟ್ಟು ಹನ್ನೆರಡು. ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಹಣ ಹೋಗಿದ್ದು ಇದಕ್ಕೆ, ಮಾತ್ರೆಗೆ ಹೋಗಿದ್ದು ಅದರ ಮುಂದೆ ಏನೂ ಅಲ್ಲ. ಹಣ ಹೊಂದಿಸುವವರು ಮೊದಲೇ ಎಷ್ಟು ಸಲ ಬೇಕಾಗಬಹುದು, ಕಮ್ಮಿ ದರ ಉಂಟೇ, ವಿಮೆಯಲ್ಲಿ ಬರುತ್ತದೆಯೇ, ತಪ್ಪಿಸಿಕೊಂಡ ಭೇಟಿಗೂ ಹಣ ಕೊಡಬೇಕೇ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಅಲ್ಲಿ ಮಾಡಿಸಿದ್ದು ಬಹಳ ಸಣ್ಣ ಕೆಲಸಗಳು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಮಾಡಿ, ಮನಸ್ಸು ಹಿಂದೆ ಬರುತ್ತದೆ ಅನ್ನುವುದು ಅವರ ಒಂದೇ ಹಟ. ಎಷ್ಟೊತ್ತಿಗೆ ಮಲಗಿದರೂ ಏಳುವುದು ಒಂದೇ ಹೊತ್ತಿಗೆ. ಎದ್ದ ಅರ್ಧ ಗಂಟೆಯೊಳಗೆ ಬೆಳಕಿನಲ್ಲಿ ನಿಲ್ಲುವುದು, ದೇಹದ ಗಡಿಯಾರವನ್ನು ಮತ್ತೆ ಹಳಿಗೆ ತರುವುದು ಬೆಳಗಿನ ಬೆಳಕೇ ಅಂತೆ. ದಿನಕ್ಕೊಬ್ಬರ ಹತ್ತಿರ ಬಾಯಿಬಿಟ್ಟು ಮಾತು, ಮೆಸೇಜು ಲೆಕ್ಕಕ್ಕಿಲ್ಲ. ಐದು ನಿಮಿಷವಾದರೂ ಸರಿ. ನಾನು ಒಂದು ಪುಸ್ತಕದಲ್ಲಿ ಏಳುವ ಹೊತ್ತು, ಮಾತಾಡಿದವರ ಹೆಸರು, ಆ ದಿನದ ಮನಸ್ಸಿಗೆ ಹತ್ತರಲ್ಲಿ ಒಂದು ಅಂಕ ಬರೆಯುತ್ತಿದ್ದೆ. ಮೂರು ವಾರದ ನಂತರ ಹಾಳೆ ತಿರುವಿದರೆ, ಹೆಸರಿನ ಜಾಗ ಖಾಲಿ ಇದ್ದ ದಿನಗಳಲ್ಲೆಲ್ಲ ಅಂಕ ಮೂರು ದಾಟಿರಲಿಲ್ಲ.

ಒಂಟಿತನವನ್ನು ದೌರ್ಬಲ್ಯ ಅಂದುಕೊಂಡು ನಾಚುತ್ತಿದ್ದ ನನಗೆ ಬಲ ಕೊಟ್ಟಿದ್ದು ಆ ನವೆಂಬರ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 40 ಜನರನ್ನು ಹತ್ತು ಗಂಟೆ ಒಬ್ಬೊಬ್ಬರನ್ನೇ ಇರಿಸಿ, ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದರು. ಇನ್ನೊಂದು ದಿನ ಅದೇ ಜನರನ್ನು ಹತ್ತು ಗಂಟೆ ಉಪವಾಸ ಇರಿಸಿದರು. ಹಸಿದವರಿಗೆ ಊಟದ ಚಿತ್ರ ತೋರಿಸಿದಾಗ ನಡುಮಿದುಳಿನ ಯಾವ ಭಾಗ ಚುರುಕಾಗುತ್ತಿತ್ತೋ, ಒಂಟಿಯಾಗಿದ್ದವರಿಗೆ ಜನ ಸೇರಿರುವ ಚಿತ್ರ ತೋರಿಸಿದಾಗಲೂ ಅದೇ ಭಾಗ ಚುರುಕಾಯಿತು. ಅವರಿಗೆ ಹತ್ತು ಗಂಟೆ, ನನಗೆ ಹನ್ನೊಂದು ದಿನ. ಹಸಿವಾಯಿತು ಅಂತ ಯಾರೂ ನಾಚಿಕೊಳ್ಳುವುದಿಲ್ಲವಲ್ಲ.

ಲಾಕ್‌ಡೌನ್ ಸಡಿಲವಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ ಒಳಗೊಳಗೆ ನಂಬಿದ್ದೆ. ಆಗಲಿಲ್ಲ. ಡಿಸೆಂಬರ್‌ನಲ್ಲಿ ಆಫೀಸಿಗೆ ಕರೆದಾಗ ಲಿಫ್ಟಿನಲ್ಲಿ ಮೂರು ಜನ ನಿಂತಿದ್ದು ನೋಡಿ ಅಂಗೈ ಬೆವರಿತು, ಮೆಟ್ಟಿಲು ಹತ್ತಿದೆ. ಎದುರಿಗಿದ್ದವರು ಮಾತಾಡುತ್ತಿದ್ದರೆ ಎಲ್ಲಿ ನೋಡಬೇಕು, ಯಾವಾಗ ನಗಬೇಕು ಅನ್ನುವುದೇ ಮರೆತಂತಿತ್ತು. ಸಮಾಲೋಚಕರು ಏಣಿಯ ಹಾಗೆ ಮೆಟ್ಟಿಲು ಮಾಡಿಕೊಟ್ಟರು. ಮೊದಲು ಒಬ್ಬರ ಜೊತೆ ಬಯಲಲ್ಲಿ ಹತ್ತು ನಿಮಿಷ, ಆಮೇಲೆ ಇಬ್ಬರು, ಆಮೇಲೆ ಮುಚ್ಚಿದ ಕೋಣೆ. ಆಫೀಸಿಗೆ ವಾರಕ್ಕೆ ಎರಡೇ ದಿನ ಬರಲು ಡಾಕ್ಟರ ಪತ್ರ ಬೇಕಾಯಿತು. ಕಾಯಿಲೆಯ ಹೆಸರು ಬರೆಯದೆ "ವೈದ್ಯಕೀಯ ಕಾರಣ" ಅಂತಷ್ಟೇ ಬರೆದುಕೊಡಿ ಅಂತ ಕೇಳಿದೆ, ಕೊಟ್ಟರು, ಅಷ್ಟೇ ಸಾಕಾಯಿತು.

ಈಗ ನನ್ನ ದೊಡ್ಡ ತಪ್ಪಿನ ವಿಷಯ. 2021ರ ಜನವರಿಯಲ್ಲಿ ಪಿಎಚ್‌ಕ್ಯು ಅಂಕ 5ಕ್ಕೆ ಇಳಿದಿತ್ತು. ಚೆನ್ನಾಗಿದ್ದೇನೆ, ಇನ್ನೆಷ್ಟು ದಿನ ಈ ಮಾತ್ರೆ ಅಂತ ಯಾರಿಗೂ ಹೇಳದೆ ಒಂದು ಸೋಮವಾರ ನಿಲ್ಲಿಸಿದೆ. ಮೂರನೇ ದಿನಕ್ಕೆ ತಲೆ ತಿರುಗು. ಕಣ್ಣು ಪಕ್ಕಕ್ಕೆ ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಒಂದು ಝಳಕು. ರಾತ್ರಿಯಿಡೀ ಕಣ್ಣಿಗೆ ಕಟ್ಟಿದಂಥ ಕನಸು. ಎರಡು ವಾರದಲ್ಲಿ ಅದು ಹೋಯಿತು, ಗೆದ್ದೆ ಅಂದುಕೊಂಡೆ. ಫೆಬ್ರವರಿ ಕೊನೆಗೆ ನಿದ್ದೆ ಮತ್ತೆ ಬೆಳಗಿನ ಜಾವಕ್ಕೆ ಜಾರಿತ್ತು, ಪುಸ್ತಕದಲ್ಲಿ ಹೆಸರಿನ ಜಾಗ ಖಾಲಿಯಾಗುತ್ತ ಬಂತು. ಅಂಕ 16.

ಡಾಕ್ಟರ ಮುಂದೆ ತಲೆತಗ್ಗಿಸಿ ಕೂತೆ. ಅವರು ಬೈಯಲಿಲ್ಲ. "ನಿಲ್ಲಿಸೋ ವಿಷಯ ನಾನೇ ಇನ್ನೂ ಬಿಡಿಸಿ ಹೇಳಬೇಕಿತ್ತು" ಅಂದರು. ಗುಣವಾದ ಮೇಲೂ ಕಮ್ಮಿಯೆಂದರೆ ಆರು ತಿಂಗಳು ಅದೇ ಪ್ರಮಾಣ ಮುಂದುವರಿಸಬೇಕು, ಎರಡನೇ ಸಲ ಬಂದಿರುವುದರಿಂದ ನನಗೆ ಇನ್ನೂ ಸ್ವಲ್ಪ ಹೆಚ್ಚು, ನಿಲ್ಲಿಸುವುದು ಮೆಟ್ಟಿಲಿಳಿದ ಹಾಗೆ ನಿಧಾನವಾಗಿ. ಮತ್ತೆ ಮೊದಲಿಂದ ಶುರು: ಅದೇ ಹೊಟ್ಟೆ ತೊಳಸು, ಅದೇ ಕಾಯುವಿಕೆ. ಜೂನ್ ಹೊತ್ತಿಗೆ ಸುಧಾರಿಸಿದೆ. ಆಮೇಲಿನ ಒಂಬತ್ತು ತಿಂಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ದಿನಾ ಮಾತ್ರೆ, ಎರಡು ತಿಂಗಳಿಗೊಮ್ಮೆ ಭೇಟಿ.

2022ರ ಮಾರ್ಚ್‌ನಲ್ಲಿ ಇಳಿಸಲು ಶುರು ಮಾಡಿದೆವು. 10ರಿಂದ 7.5, ಆಮೇಲೆ 5, ಆಮೇಲೆ 5ರ ಅರ್ಧ. ಪ್ರತಿ ಮೆಟ್ಟಿಲಿಗೆ ನಾಲ್ಕು ವಾರ. ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ಚಾಕುವಿನಲ್ಲಿ ಮಾಡಬೇಡಿ, ಒಂದು ಚೂರು ದೊಡ್ಡದಾಗಿ ಇನ್ನೊಂದು ಪುಡಿಯಾಗುತ್ತದೆ. ಎಲ್ಲ ಮಾತ್ರೆಗಳನ್ನೂ ಕತ್ತರಿಸುವ ಹಾಗಿಲ್ಲ, ಕೇಳಿಕೊಂಡು ಮಾಡಿ. 5ರಿಂದ ಅರ್ಧಕ್ಕೆ ಇಳಿದಾಗ ನಾಲ್ಕು ದಿನ ಸಿಡುಕು, ಸ್ವಲ್ಪ ತಲೆ ತಿರುಗು. ಇದು ಔಷಧಿ ಬಿಡುವಾಗಿನ ಲಕ್ಷಣವೋ ಕಾಯಿಲೆ ಮರಳುತ್ತಿದೆಯೋ ಅಂತ ಭಯವಾಗುತ್ತದೆ. ಬಿಡುವಾಗಿನದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಂದು ತಾನಾಗಿ ಇಳಿಯುತ್ತದೆ, ಕಾಯಿಲೆ ವಾರಗಳಲ್ಲಿ ನಿಧಾನವಾಗಿ ಏರುತ್ತ ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ನನ್ನ ವಿಷಯದಲ್ಲಿ ಎರಡು ಸಲವೂ ಅದು ನಿಜವಾಗಿತ್ತು.

ಕೊನೆಯ ಭೇಟಿಯಲ್ಲಿ ಅಂಕ 4. ಮತ್ತೆ ಬರುವ ಹಾಗಿದ್ದರೆ ಮೊದಲು ಏನು ಕೆಡುತ್ತದೆ ಅಂತ ಪಟ್ಟಿ ಮಾಡಿ ನಂಬಿಕೆಯ ಒಬ್ಬರ ಕೈಗೆ ಕೊಡಿ ಅಂದರು, ಯಾಕೆಂದರೆ ಶುರುವಾದಾಗ ನಮಗೇ ಕಾಣುವುದಿಲ್ಲ. ನನ್ನ ಪಟ್ಟಿಯಲ್ಲಿ ಮೂರು: ಮಲಗುವ ಹೊತ್ತು ರಾತ್ರಿ ಎರಡು ಗಂಟೆ ದಾಟುವುದು, ಸಣ್ಣ ಲೆಕ್ಕಕ್ಕೆ ಹೊತ್ತು ಹಿಡಿಯುವುದು, ಫೋನ್ ಎತ್ತದಿರುವುದು. ಅಕ್ಕನಿಗೆ ಕಳಿಸಿದೆ, ಆಂಟಿಗೂ ಕೊಟ್ಟೆ. ಬೀಗದ ಕೈ ಇನ್ನೂ ಅವರ ಹತ್ತಿರವೇ ಇದೆ.

ಮೊನ್ನೆ ಅಕ್ಕ ಎರಡು ಸಲ ಫೋನ್ ಮಾಡಿದ್ದಳು, ಎತ್ತಿರಲಿಲ್ಲ. ಮೂರನೇ ಸಲ ಎತ್ತಿದಾಗ "ಎಲ್ಲಿದ್ದೆ?" ಅಂದಳು, ದನಿಯಲ್ಲಿ ಗಾಬರಿ ಇತ್ತು. ಕೆಳಗೆ ಆಂಟಿ ಮನೆಯಲ್ಲಿದ್ದೆ, ಫೋನ್ ಮೇಲೆ ಬಿಟ್ಟು ಹೋಗಿದ್ದೆ ಅಂದೆ. "ಅವರ ಕೈಗೆ ಕೊಡು" ಅಂದಳು. ಕೆಳಗಿಳಿದು ಹೋಗಿ ಕೊಟ್ಟೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಡಾಕ್ಟರ ಮುಂದಿನ ಭೇಟಿ ಮೂರು ತಿಂಗಳ ನಂತರ.